ಮನೆ ಕ್ರಯವಾದ ವರ್ಷದ ಕಂದಾಯ: ಕೊಟ್ಟವರಿಗೆಷ್ಟು, ಕೊಂಡವರಿಗೆಷ್ಟು

ಐವತ್ತು ಲಕ್ಷದ ಮನೆ ವ್ಯವಹಾರದಲ್ಲಿ ಏಳೆಂಟು ಸಾವಿರದ ಆಸ್ತಿ ತೆರಿಗೆ ಕಣ್ಣಿಗೇ ಬೀಳುವುದಿಲ್ಲ. ಕ್ರಯದ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಗಡಿಬಿಡಿಯಲ್ಲಿ ‘ಅದೆಲ್ಲ ಆಮೇಲೆ ನೋಡಿಕೊಂಡರಾಯ್ತು’ ಎಂದು ಎರಡೂ ಕಡೆಯವರು ಎದ್ದು ಬರುತ್ತಾರೆ. ಆಮೇಲೆ ನೋಡುವಾಗ ಆ ವರ್ಷದ ತೆರಿಗೆಯ ಜೊತೆಗೆ ಹಳೆಯ ಬಾಕಿ, ಅದರ ಮೇಲಿನ ದಂಡ, ಎಂದೂ ಘೋಷಿಸದ ಮೇಲಂತಸ್ತಿನ ವ್ಯತ್ಯಾಸ ಎಲ್ಲವೂ ಹೊಸ ಮಾಲೀಕರ ಹೆಸರಿಗೆ ಬಂದು ಕೂತಿರುತ್ತವೆ. ತೆರಿಗೆ ಬಾಕಿಗೆ ಕಾನೂನಿನಲ್ಲಿ ಆ ಆಸ್ತಿಯ ಮೇಲೇ ಮೊದಲ ಹಕ್ಕು ಇದೆ. ಮಾರಿದವರು ಊರು ಬಿಟ್ಟು ಹೋಗಬಹುದು, ಬಾಕಿ ಮನೆಯಲ್ಲೇ ಉಳಿಯುತ್ತದೆ.

ಆದ್ದರಿಂದ ಈ ಲೆಕ್ಕವನ್ನು ಕ್ರಯಪತ್ರಕ್ಕೆ ಸಹಿ ಬೀಳುವ ಮೊದಲೇ ಮುಗಿಸಬೇಕು. ಅರ್ಧ ದಿನದ ಓಡಾಟ, ಹತ್ತು ನಿಮಿಷದ ಗುಣಾಕಾರ ಭಾಗಾಕಾರ ಸಾಕು.

ತೆರಿಗೆಯ ವರ್ಷ ಯಾವುದು

ಶಿವಮೊಗ್ಗ ಮಹಾನಗರ ಪಾಲಿಕೆ, ಸಾಗರ ಮತ್ತು ಭದ್ರಾವತಿಯ ನಗರಸಭೆ, ತೀರ್ಥಹಳ್ಳಿ, ಹೊಸನಗರದ ಪಟ್ಟಣ ಪಂಚಾಯಿತಿ, ಹಳ್ಳಿಯ ಗ್ರಾಮ ಪಂಚಾಯಿತಿ, ಎಲ್ಲೆಡೆಯೂ ತೆರಿಗೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ನಗರ ಪಟ್ಟಣಗಳಲ್ಲಿ ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ತಿಂಗಳಿಗೆ ಶೇ 2ರಂತೆ ದಂಡ ಬೀಳುತ್ತದೆ. ರಿಯಾಯಿತಿಯ ಗಡುವನ್ನು ಸರ್ಕಾರ ಕೆಲವು ವರ್ಷ ಮುಂದಕ್ಕೆ ಹಾಕಿದ್ದೂ ಇದೆ. ಅದನ್ನು ನಂಬಿ ಕೂರುವುದು ಬೇಡ, ಆ ವರ್ಷದ ಆದೇಶವನ್ನು ಕಚೇರಿಯಲ್ಲೇ ಕೇಳಿ.

ನಮ್ಮ ಕಡೆ ಒಂದು ತೊಡಕು ಪದೇ ಪದೇ ಆಗುತ್ತದೆ. ಮೇ ತಿಂಗಳಲ್ಲಿ ಅಗ್ರಿಮೆಂಟ್ ಆಗಿರುತ್ತದೆ. ಆಷಾಢದಲ್ಲಿ ಕ್ರಯ ಬೇಡ, ಶ್ರಾವಣ ಬರಲಿ ಎಂದು ಇಬ್ಬರೂ ಕಾಯುತ್ತಾರೆ. ಇನ್ನು ಮಾರುವ ಮನೆಗೆ ತಾನೇಕೆ ಕಟ್ಟಲಿ ಎಂದು ಮಾರುವವರು ಸುಮ್ಮನಿರುತ್ತಾರೆ, ಇನ್ನೂ ನನ್ನದಾಗಿಲ್ಲವಲ್ಲ ಎಂದು ಕೊಳ್ಳುವವರೂ ಸುಮ್ಮನಿರುತ್ತಾರೆ. ಅಷ್ಟರಲ್ಲಿ ಜುಲೈ 1 ದಾಟಿ ದಂಡ ಶುರುವಾಗುತ್ತದೆ. ಹೀಗೆ ಕಾಯುವುದಿದ್ದರೆ ಜೂನ್ 30ರೊಳಗೆ ಪೂರ್ತಿ ತೆರಿಗೆಯನ್ನು ಮಾರುವವರೇ ಕಟ್ಟಬೇಕು, ಕೊಳ್ಳುವವರ ಪಾಲನ್ನು ಕ್ರಯದ ದಿನ ವಾಪಸ್ ಪಡೆಯಬೇಕು ಎಂದು ಅಗ್ರಿಮೆಂಟಿನಲ್ಲೇ ಬರೆಸಿ.

ಕಾನೂನು ಹೇಳುವುದು ಇಷ್ಟು

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿ ಇದಕ್ಕೆ ಉತ್ತರವಿದೆ. ಕ್ರಯದ ದಿನದವರೆಗೆ ಆ ಆಸ್ತಿಯ ಮೇಲೆ ಬಾಕಿಯಾದ ಸರ್ಕಾರಿ ತೆರಿಗೆ, ಶುಲ್ಕಗಳು ಮಾರುವವರ ಹೊಣೆ: 55(1)(ಜಿ). ಮಾಲೀಕತ್ವ ಕೈ ಬದಲಾದ ಮೇಲೆ ಬರುವುದು ಕೊಳ್ಳುವವರ ಹೊಣೆ: 55(5)(ಡಿ). ಆದರೆ ಇಡೀ ಕಲಮು ‘ಬೇರೆ ಕರಾರು ಇಲ್ಲದಿದ್ದರೆ’ ಎಂಬ ಷರತ್ತಿನ ಮೇಲೆ ನಿಂತಿದೆ. ನೀವಿಬ್ಬರೂ ಬೇರೆ ರೀತಿ ಒಪ್ಪಿ ಬರೆದುಕೊಂಡರೆ ನಿಮ್ಮ ನಡುವೆ ಅದೇ ನಡೆಯುತ್ತದೆ. ಆ ವರ್ಷದ ತೆರಿಗೆಯನ್ನು ದಿನದ ಲೆಕ್ಕದಲ್ಲಿ ಹಂಚಬೇಕೆಂದು ಕಲಮು ಬಾಯಿಬಿಟ್ಟು ಹೇಳುವುದಿಲ್ಲ. ಏಪ್ರಿಲ್‌ನಲ್ಲೇ ಬಾಕಿಯಾದದ್ದು ಪೂರ್ತಿ ಮಾರುವವರದು ಎಂದು ಒಬ್ಬರು, ಮುಂದಿನ ತಿಂಗಳುಗಳು ನಿಮ್ಮವಲ್ಲವೇ ಎಂದು ಇನ್ನೊಬ್ಬರು ವಾದಿಸಬಹುದು. ಆ ಜಾಗ ತುಂಬುವುದಕ್ಕೇ ಕರಾರಿನಲ್ಲಿ ಒಂದು ಸಾಲು ಬೇಕು.

ಲೆಕ್ಕಕ್ಕೆ ಹಿಡಿಯಬೇಕಾದ ದಿನ ಶುದ್ಧ ಕ್ರಯಪತ್ರದ ದಿನ. ಅಗ್ರಿಮೆಂಟ್ ಮಾಡಿ ಮುಂಗಡ ಕೊಟ್ಟ ದಿನ ಮಾಲೀಕತ್ವ ಬದಲಾಗುವುದಿಲ್ಲ. ಸೋಮವಾರ ಪತ್ರಕ್ಕೆ ಸಹಿ ಮಾಡಿ ಗುರುವಾರ ನೋಂದಣಿಯಾದರೆ, ನೋಂದಣಿ ಕಾಯ್ದೆಯ 47ನೇ ಕಲಮಿನಂತೆ ಪತ್ರ ಬರೆದುಕೊಟ್ಟ ಸೋಮವಾರದಿಂದಲೇ ಅದು ಜಾರಿಗೆ ಬರುತ್ತದೆ. ಕ್ರಯದ ದಿನವನ್ನು ಯಾರ ಲೆಕ್ಕಕ್ಕೆ ಹಾಕುವುದು ಎಂದೂ ಮೊದಲೇ ಮಾತಾಡಿಕೊಳ್ಳಿ. ಕೊಂಡವರ ಲೆಕ್ಕಕ್ಕೆ ಹಾಕುವುದು ಸರಳ, ಕೆಳಗಿನ ಉದಾಹರಣೆಗಳಲ್ಲಿ ಹಾಗೆಯೇ ಮಾಡಿದೆ.

ಮುಂಗಡ ಕೊಡುವ ಮೊದಲು ನೋಡಬೇಕಾದ್ದು

ಇಸಿ (ಋಣಭಾರ ಪತ್ರ) ತೆಗೆಸಿದ್ದೇವೆ, ಏನೂ ಇಲ್ಲ ಎಂದು ನೆಮ್ಮದಿಯಾಗಿರುವವರು ತುಂಬ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ಕ್ರಯ, ಅಡಮಾನ, ದಾನ, ವಿಭಾಗ ಇಂಥವು. ಆಸ್ತಿ ತೆರಿಗೆ ಬಾಕಿ ಅಲ್ಲಿ ಕಾಣುವುದೇ ಇಲ್ಲ. ಅದನ್ನು ತಿಳಿಯಲು ಸ್ಥಳೀಯ ಸಂಸ್ಥೆಯ ಕಂದಾಯ ವಿಭಾಗಕ್ಕೇ ಹೋಗಬೇಕು.

ಈ ವರ್ಷದ ರಸೀದಿ ಒಂದನ್ನೇ ನೋಡಿ ತೃಪ್ತಿಪಡಬೇಡಿ. ಈ ವರ್ಷದ್ದು ಕಟ್ಟಿ ನಡುವಿನ ಎರಡು ವರ್ಷ ಬಿಟ್ಟಿರುವುದು ಅಪರೂಪವೇನಲ್ಲ, ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿನಲ್ಲಿರುವವರ ಆಸ್ತಿಗಳಲ್ಲಿ ಇದು ಹೆಚ್ಚು. ಕಚೇರಿಯ ಡಿಮ್ಯಾಂಡ್ ರಿಜಿಸ್ಟರಿನಲ್ಲಿ (ತೆರಿಗೆ ಬೇಡಿಕೆಯ ವಹಿ) ಹಿಂದಿನ ವರ್ಷಗಳ ಸಾಲು ನೋಡಿ, ಸಾಧ್ಯವಾದರೆ ಏನೂ ಬಾಕಿ ಇಲ್ಲವೆಂಬ ಬೇಬಾಕಿ ಪತ್ರವನ್ನೇ ಬರೆಸಿಕೊಳ್ಳಿ.

ರಸೀದಿ ಕೈಗೆ ಬಂದಾಗ ಮೊದಲು ಕಣ್ಣು ಹೋಗಬೇಕಾದ್ದು ಮೊತ್ತದ ಮೇಲಲ್ಲ, ಆಸ್ತಿ ಸಂಖ್ಯೆಯ ಮೇಲೆ. ರಸೀದಿಯ ಪಿಐಡಿ (ಆಸ್ತಿ ಗುರುತಿನ) ಸಂಖ್ಯೆ, ಇ-ಖಾತೆಯ ಸಂಖ್ಯೆ, ಕ್ರಯಪತ್ರದ ಕರಡಿನ ಷೆಡ್ಯೂಲಿನಲ್ಲಿ (ಆಸ್ತಿಯ ವಿವರದ ಭಾಗ) ಇರುವ ಸಂಖ್ಯೆ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಂಕಿ ಓದಿ. ಅಣ್ಣತಮ್ಮಂದಿರು ಒಂದೇ ಸೈಟನ್ನು ಭಾಗ ಮಾಡಿಕೊಂಡ ಕಡೆ ಒಬ್ಬರು ಇನ್ನೊಬ್ಬರ ಸಂಖ್ಯೆಗೆ ವರ್ಷಗಟ್ಟಲೆ ತೆರಿಗೆ ಕಟ್ಟಿದ್ದರೆ, ಕಟ್ಟಿದ್ದು ನಿಜವಾದರೂ ನೀವು ಕೊಳ್ಳುವ ಭಾಗಕ್ಕೆ ಬಾಕಿ ಹಾಗೇ ನಿಂತಿರುತ್ತದೆ.

ಎರಡನೆಯದು ಅಳತೆ. ತೆರಿಗೆ ಸ್ವಯಂ ಘೋಷಣೆಯ ಪದ್ಧತಿಯದು. ಮಾಲೀಕರು ಎಷ್ಟು ಚದರಡಿ, ಯಾವ ಬಳಕೆ ಎಂದು ಬರೆದಿದ್ದಾರೋ ಅದರ ಮೇಲೆ ಲೆಕ್ಕ ನಡೆಯುತ್ತದೆ. ಘೋಷಣೆಯಲ್ಲಿ 900 ಚದರಡಿ ನೆಲಮಹಡಿ ಮಾತ್ರ ಇದ್ದು, ಎದುರಿಗೆ ಎರಡು ಅಂತಸ್ತು ನಿಂತಿದ್ದರೆ, ಅಥವಾ ಮುಂದಿನ ಕೋಣೆಯಲ್ಲಿ ಅಂಗಡಿ ನಡೆಯುತ್ತಿದ್ದೂ ಪೂರ್ತಿ ವಾಸದ ಮನೆ ಎಂದು ಬರೆದಿದ್ದರೆ ಮುಂದೆ ವ್ಯತ್ಯಾಸದ ಮೊತ್ತ, ದಂಡ ಎರಡೂ ಬರುತ್ತವೆ. ಸಾಮಾನ್ಯವಾಗಿ ಇದು ಹೊರಬೀಳುವುದು ನೀವು ಖಾತೆ ಬದಲಾವಣೆಗೆ ಅರ್ಜಿ ಕೊಟ್ಟು, ಸಿಬ್ಬಂದಿ ಸ್ಥಳ ನೋಡಲು ಬಂದಾಗ. ಟೇಪು ಹಿಡಿದು ಒಮ್ಮೆ ಅಳೆದು ನೋಡಿ. ವ್ಯತ್ಯಾಸ ಇದ್ದರೆ ಮಾರುವವರೇ ಘೋಷಣೆ ತಿದ್ದಿಸಿ, ಹಳೆಯ ವರ್ಷಗಳ ವ್ಯತ್ಯಾಸ ಕಟ್ಟಿ ಬರಲಿ. ಅದಕ್ಕೆ ಒಪ್ಪದಿದ್ದರೆ ಅಂದಾಜು ಮೊತ್ತವನ್ನು ಕೊನೆಯ ಕಂತಿನಲ್ಲಿ ಹಿಡಿದಿಟ್ಟುಕೊಳ್ಳುವುದೇ ದಾರಿ.

2024ರ ಅಕ್ಟೋಬರ್‌ನಿಂದ ನಗರ ಪಟ್ಟಣಗಳ ಆಸ್ತಿಯ ನೋಂದಣಿಗೆ ಇ-ಖಾತೆ ಬೇಕು, ಇ-ಖಾತೆಯ ಅರ್ಜಿಗೆ ತೆರಿಗೆ ರಸೀದಿ ಬೇಕು. ಕೊಳ್ಳುವವರಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಇ-ಖಾತೆ ಕಳೆದ ವರ್ಷವೇ ಆಗಿದ್ದರೆ ಅದು ಈ ವರ್ಷದ ತೆರಿಗೆಗೆ ಸಾಕ್ಷಿಯಾಗುವುದಿಲ್ಲ.

ಲೆಕ್ಕ ಹಾಕುವ ಬಗೆ

ಮೊದಲು ರಸೀದಿಯ ಒಳಗೆ ಏನೇನಿದೆ ಎಂದು ಬಿಡಿಸಿ: ತೆರಿಗೆ, ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಉಪಕರದಂಥವು, ಕಸ ವಿಲೇವಾರಿ ಶುಲ್ಕ, ಹಳೆಯ ಬಾಕಿ, ದಂಡ. ಆ ವರ್ಷದ ತೆರಿಗೆ, ಉಪಕರ, ಕಸದ ಶುಲ್ಕ ಮಾತ್ರ ಹಂಚಿಕೆಗೆ ಬರುತ್ತವೆ. ಹಳೆಯ ಬಾಕಿಯೂ ದಂಡವೂ ಪೂರ್ತಿ ಮಾರುವವರವು. ತಡ ಮಾಡಿದವರು ಅವರು, ದಂಡದಲ್ಲಿ ಕೊಳ್ಳುವವರಿಗೆ ಪಾಲು ಹಾಕುವುದು ನ್ಯಾಯವಲ್ಲ. ಕೊಳ್ಳುವವರ ಕಡೆಯಿಂದಲೇ ಕ್ರಯ ಮುಂದಕ್ಕೆ ಹೋಗಿ ದಂಡ ಬಿದ್ದಿದ್ದರೆ ಮಾತ್ರ ಬೇರೆ ಮಾತು.

ತೆರಿಗೆ ವರ್ಷದಿಂದ ವರ್ಷಕ್ಕೆ ಏರುತ್ತದೆ. ಹೋದ ವರ್ಷದ ರಸೀದಿ ಹಿಡಿದು ಈ ವರ್ಷದ ಪಾಲು ಹಾಕಬೇಡಿ.

ಶಿವಮೊಗ್ಗದ ವಿನೋಬನಗರದ 30×40ರ ಒಂದು ಮನೆ ಎಂದುಕೊಳ್ಳೋಣ. ಮಾರುವವರು 2025ರ ಏಪ್ರಿಲ್‌ನಲ್ಲೇ ರಿಯಾಯಿತಿ ಕಳೆದು ₹8,212 ಕಟ್ಟಿದ್ದಾರೆ. ಕ್ರಯ 2025ರ ಸೆಪ್ಟೆಂಬರ್ 18ರಂದು. ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 17 ಸೇರಿ ಮಾರುವವರ ದಿನಗಳು 170. ಉಳಿದ 195 ದಿನ ಕೊಳ್ಳುವವರವು.

ಕೊಳ್ಳುವವರ ಪಾಲು: 8,212 × 195 ÷ 365 = ₹4,387
ಮಾರುವವರ ಪಾಲು: 8,212 × 170 ÷ 365 = ₹3,825

ಈಗಾಗಲೇ ಪೂರ್ತಿ ಕಟ್ಟಿರುವುದರಿಂದ ಕೊಳ್ಳುವವರು ಮಾರುವವರಿಗೆ ₹4,387 ಕೊಡಬೇಕು. ಮೊದಲು ಗುಣಿಸಿ ಆಮೇಲೆ ಭಾಗಿಸಿ. ದಿನಕ್ಕಿಷ್ಟು ಎಂದು ಮೊದಲೇ ಪೈಸೆ ಕತ್ತರಿಸಿಕೊಂಡರೆ ಎರಡು ಪಾಲು ಕೂಡಿಸಿದಾಗ ರಸೀದಿಯ ಮೊತ್ತಕ್ಕೆ ತಾಳೆಯಾಗದೆ ಅನುಮಾನ ಹುಟ್ಟುತ್ತದೆ. ಹಂಚಬೇಕಾದ್ದು ಕೈಯಿಂದ ನಿಜವಾಗಿ ಹೋದ ಮೊತ್ತವನ್ನು, ರಿಯಾಯಿತಿಗೆ ಮುಂಚಿನ ಮೊತ್ತವನ್ನಲ್ಲ. ದಿನದ ಬದಲು ತಿಂಗಳ ಲೆಕ್ಕ ಹಿಡಿದು ಮಾರುವವರಿಗೆ ಐದೂವರೆ ತಿಂಗಳು ಎಂದು ಹಾಕಿದರೆ ಅವರ ಪಾಲು ₹3,764 ಆಗುತ್ತದೆ. ಅರವತ್ತು ರೂಪಾಯಿಯ ವ್ಯತ್ಯಾಸ, ಇಬ್ಬರಿಗೂ ಒಪ್ಪಿಗೆಯಾದರೆ ಅದರಲ್ಲೂ ತಪ್ಪಿಲ್ಲ.

ಇನ್ನೊಂದು ಬಗೆ: ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಮೇಲೆ ನಡೆಯುವ ಕ್ರಯ. ದಿನ 2026ರ ಫೆಬ್ರುವರಿ 12. ವರ್ಷದ ತೆರಿಗೆ ಕಟ್ಟೇ ಇಲ್ಲ. ಚಲನ್ ತೆಗೆಸಿದಾಗ ತೆರಿಗೆ ₹6,000, ಉಪಕರ ಇತ್ಯಾದಿ ₹1,440, ಜುಲೈನಿಂದ ಫೆಬ್ರುವರಿವರೆಗೆ ಎಂಟು ತಿಂಗಳಿಗೆ ತೆರಿಗೆಯ ಮೇಲೆ ಶೇ 16ರ ದಂಡ ₹960, ಒಟ್ಟು ₹8,400 ಎಂದು ಬಂದಿದೆ ಎಂದುಕೊಳ್ಳಿ. ಮಾರುವವರದು ಫೆಬ್ರುವರಿ 11ರವರೆಗೆ 317 ದಿನ, ಕೊಳ್ಳುವವರದು 48 ದಿನ.

ಕೊಳ್ಳುವವರ ಪಾಲು: 7,440 × 48 ÷ 365 = ₹978
ಮಾರುವವರ ಪಾಲು: 7,440 − 978 + 960 = ₹7,422

ಇಲ್ಲಿ ಇಡೀ ₹8,400ನ್ನು ಮಾರುವವರೇ ಕ್ರಯಕ್ಕೆ ಮುಂಚೆ ಕಟ್ಟಿ ರಸೀದಿ ತರಬೇಕು, ಅವರಿಗೆ ₹978 ವಾಪಸ್ ಬರಬೇಕು. ‘ನನ್ನ ಪಾಲು ನಿಮಗೇ ಕೊಡ್ತೀನಿ, ನೀವೇ ಕಟ್ಟಿಕೊಳ್ಳಿ’ ಎಂಬ ಮಾತಿಗೆ ಒಪ್ಪಬೇಡಿ. ನೀವು ಕಟ್ಟಲು ಹೋದ ದಿನ ಚಲನ್‌ನಲ್ಲಿ ಇನ್ನೂ ಹಳೆಯ ವರ್ಷವೊಂದು ಎದ್ದು ಬಂದರೆ ಕೇಳಲು ಎದುರಿಗೆ ಯಾರೂ ಇರುವುದಿಲ್ಲ.

ಕ್ರಯ ಏಪ್ರಿಲ್ ಮೊದಲ ವಾರದಲ್ಲಿ ಬಿದ್ದರೆ ಲೆಕ್ಕ ತಲೆಕೆಳಗು: ಹೊಸ ವರ್ಷದ ತೆರಿಗೆಯನ್ನು ಕೊಂಡವರೇ ತಿಂಗಳ ಒಳಗೆ ಕಟ್ಟಿ ರಿಯಾಯಿತಿ ಪಡೆಯಲಿ. ಮಾರಿದವರ ಏಳು ದಿನದ ಪಾಲು ನೂರೈವತ್ತು ರೂಪಾಯಿಯ ಸುತ್ತಮುತ್ತ ಬರುತ್ತದೆ, ಬಿಟ್ಟರೂ ನಷ್ಟವಿಲ್ಲ. ಫೆಬ್ರುವರಿಗೆ 29 ದಿನ ಬರುವ ವರ್ಷದಲ್ಲಿ, ಮುಂದಿನದು 2027–28, ಭಾಗಿಸುವ ಸಂಖ್ಯೆ 366.

ಹಣ ಹೇಗೆ ಕೈ ಬದಲಾಗಬೇಕು, ಕರಾರಿನಲ್ಲಿ ಏನಿರಬೇಕು

ಈ ಪಾಲನ್ನು ಕ್ರಯದ ಮೊತ್ತಕ್ಕೆ ಕೂಡಿಸುವುದು, ಕಳೆಯುವುದು ಬೇಡ. ಪತ್ರದಲ್ಲಿ ಬರೆದ ಮೊತ್ತದ ಮೇಲೆ ಮುದ್ರಾಂಕ ಶುಲ್ಕ ನಿಂತಿದೆ, ಬ್ಯಾಂಕಿನ ಸಾಲದ ಡಿಡಿ ನಿಂತಿದೆ, ಐವತ್ತು ಲಕ್ಷ ಅಥವಾ ಮೇಲಿದ್ದರೆ ಶೇ 1ರ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ನಿಂತಿದೆ. ಅದನ್ನು ನಾಲ್ಕು ಸಾವಿರಕ್ಕಾಗಿ ಅಲುಗಿಸಿದರೆ ಎಲ್ಲ ಕಡೆ ಅಂಕಿ ತಪ್ಪುತ್ತದೆ. ತೆರಿಗೆಯ ಪಾಲನ್ನು ಬೇರೆಯಾಗಿ ಬ್ಯಾಂಕಿನಿಂದಲೋ ಯುಪಿಐನಿಂದಲೋ ಕಳಿಸಿ, ವಿವರದಲ್ಲಿ ‘2025–26 ಆಸ್ತಿ ತೆರಿಗೆ ಪಾಲು’ ಎಂದು ಬರೆಯಿರಿ.

ಅಗ್ರಿಮೆಂಟ್ ಬರೆಸುವಾಗ ಪತ್ರ ಬರಹಗಾರರು ಸಾಮಾನ್ಯವಾಗಿ ‘ಸರ್ಕಾರಿ ಕಂದಾಯ ಬಾಕಿ ಇರುವುದಿಲ್ಲ’ ಎಂಬ ಒಂದು ಸಾಲು ಹಾಕಿ ಮುಗಿಸುತ್ತಾರೆ. ಅಷ್ಟು ಸಾಲದು. ಹೀಗೆ ಬರೆಸಿ:

‘ಷೆಡ್ಯೂಲ್ ಸ್ವತ್ತಿನ ಆಸ್ತಿ ತೆರಿಗೆ, ಉಪಕರ ಹಾಗೂ ಶುಲ್ಕಗಳನ್ನು ಶುದ್ಧ ಕ್ರಯಪತ್ರದ ದಿನಾಂಕದ ಹಿಂದಿನ ದಿನದವರೆಗೆ ಮಾರಾಟಗಾರರೂ, ಕ್ರಯಪತ್ರದ ದಿನದಿಂದ ಖರೀದಿದಾರರೂ ಭರಿಸತಕ್ಕದ್ದು. ಚಾಲ್ತಿ ವರ್ಷದ ತೆರಿಗೆಯನ್ನು ದಿನಗಳ ಲೆಕ್ಕದಲ್ಲಿ ಹಂಚಿಕೊಳ್ಳತಕ್ಕದ್ದು. ಹಿಂದಿನ ವರ್ಷಗಳ ಬಾಕಿ, ದಂಡ, ಹಾಗೂ ಕ್ರಯದ ಹಿಂದಿನ ಅವಧಿಗೆ ಸಂಬಂಧಿಸಿ ಮುಂದೆ ಯಾವಾಗಲೇ ಹೊರಬೀಳುವ ತೆರಿಗೆ ವ್ಯತ್ಯಾಸದ ಮೊತ್ತವನ್ನು ಮಾರಾಟಗಾರರೇ ಪಾವತಿಸತಕ್ಕದ್ದು. ಖರೀದಿದಾರರು ಅದನ್ನು ಕಟ್ಟಬೇಕಾಗಿ ಬಂದಲ್ಲಿ ಮಾರಾಟಗಾರರು ಮರುಪಾವತಿಸತಕ್ಕದ್ದು.’

ಇದರ ತಿರುಳು ಕೊನೆಯ ವಾಕ್ಯದಲ್ಲಿದೆ. ಶುದ್ಧ ಕ್ರಯಪತ್ರದಲ್ಲೂ ಅದು ಬರಲೇಬೇಕು, ಕೊನೆಗೆ ಕೈಯಲ್ಲಿ ಉಳಿಯುವ ದಾಖಲೆ ಅದೇ.

ಕ್ರಯವಾದ ಮೇಲೂ ಮಾರಿದವರು ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಎಂದು ಎರಡು ತಿಂಗಳು ಅದೇ ಮನೆಯಲ್ಲಿ ಇರುವುದಿದ್ದರೆ, ತೆರಿಗೆಯನ್ನು ಕ್ರಯದ ದಿನಕ್ಕೂ ನೀರು, ಕರೆಂಟನ್ನು ಬೀಗ ಕೈಗೆ ಬರುವ ದಿನಕ್ಕೂ ಕಟ್ಟಿಹಾಕಿ. ಎರಡನ್ನೂ ಒಂದೇ ದಿನಕ್ಕೆ ಬೆಸೆದರೆ ಜಗಳ ಖಂಡಿತ.

ಪಂಚಾಯಿತಿ ಮನೆ, ತೋಟದ ಮನೆ

ಗ್ರಾಮ ಪಂಚಾಯಿತಿಯ ಮನೆ ಕಂದಾಯದ ಮೊತ್ತ ಚಿಕ್ಕದು, ಬಾಕಿಯ ವರ್ಷಗಳು ಉದ್ದ. ಬಿಲ್ ಕಲೆಕ್ಟರ್ ಮನೆ ಬಾಗಿಲಿಗೆ ಬಂದಾಗಷ್ಟೇ ಕಟ್ಟಿದ ಮನೆಗಳಲ್ಲಿ ಎಂಟು ಹತ್ತು ವರ್ಷದ ಬಾಕಿ ಸೇರಿರಬಹುದು. ಇಲ್ಲಿ ನೋಡಬೇಕಾದ್ದು ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11. ಒಂಬತ್ತು ಆಸ್ತಿಯ ವಿವರ ಹೇಳುತ್ತದೆ. ಹನ್ನೊಂದು ಬೇಡಿಕೆ, ವಸೂಲಿ, ಬಾಕಿಯ ವಹಿಯ ನಕಲು. ಬಾಕಿಯ ಕಾಲಂ ಖಾಲಿ ಇದೆಯೇ ಎಂದು ಓದಿ, ಕೈಬರಹದ ಹಳೆಯ ರಸೀದಿಗಳು ವಹಿಗೆ ಏರಿವೆಯೇ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಕೇಳಿ. ರಸೀದಿ ಇದ್ದೂ ಗಣಕಯಂತ್ರಕ್ಕೆ ಏರದ ವರ್ಷ ಸಿಕ್ಕರೆ, ರಸೀದಿ ಇಟ್ಟುಕೊಂಡಿರುವ ಮಾರುವವರು ಜೊತೆಯಲ್ಲಿರುವಾಗಲೇ ಸರಿಪಡಿಸಿಕೊಳ್ಳುವುದು ಸುಲಭ.

ಅಜ್ಜನ ಹೆಸರಿನಲ್ಲೇ ಉಳಿದ ಮನೆಯನ್ನು ನಾಲ್ಕು ಹಿಸ್ಸೆದಾರರು ಸೇರಿ ಮಾರುವಾಗ ಬಾಕಿಯನ್ನು ಒಬ್ಬರ ತಲೆಗೆ ಹಾಕಬೇಡಿ. ಮೊದಲು ಒಟ್ಟು ಹಣದಲ್ಲಿ ಕಂದಾಯ ತೆಗೆದಿಟ್ಟು ಕಟ್ಟಿ, ಉಳಿದದ್ದನ್ನು ಹಿಸ್ಸೆ ಮಾಡಿ.

ಮನೆಯ ಜೊತೆ ಅಡಿಕೆ ತೋಟವೂ ಬಂದರೆ ಎರಡು ಬೇರೆ ಲೆಕ್ಕ: ಮನೆಗೆ ಪಂಚಾಯಿತಿ, ಜಮೀನಿಗೆ ಭೂಕಂದಾಯ. ಭೂಕಂದಾಯ ಹಂಚಿಕೊಳ್ಳುವಷ್ಟು ದೊಡ್ಡದಿರುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಸಾಲದ ನಮೂದು ಇದೆಯೇ ಎಂಬುದು ಅದಕ್ಕಿಂತ ನೂರು ಪಾಲು ಮುಖ್ಯ.

ಹೊಸದಾಗಿ ಕಟ್ಟಿದ ಮನೆ, ಫ್ಲ್ಯಾಟ್

ಬಿಲ್ಡರ್ ಕಟ್ಟಿ ಮಾರುವ ಮನೆಯಲ್ಲಿ ತೆರಿಗೆ ಇನ್ನೂ ಖಾಲಿ ಸೈಟಿನ ದರದಲ್ಲೇ ನಡೆಯುತ್ತಿರಬಹುದು. ಕಟ್ಟಡ ಮುಗಿದ ದಿನದಿಂದ ನೀವು ಕೊಳ್ಳುವ ದಿನದವರೆಗಿನ ಕಟ್ಟಡದ ತೆರಿಗೆ ಬಿಲ್ಡರ್ ಪಾಲಿನದು. ಅದನ್ನು ಪತ್ರದಲ್ಲಿ ಬರೆಸಿ. ಫ್ಲ್ಯಾಟ್ ಆದರೆ ನಿಮ್ಮ ಫ್ಲ್ಯಾಟಿಗೆ ಪ್ರತ್ಯೇಕ ಖಾತೆಯಾಗಿದೆಯೇ ನೋಡಿ. ಇಡೀ ಜಾಗ ಒಂದೇ ಸಂಖ್ಯೆಯಲ್ಲಿದ್ದರೆ ನಿಮ್ಮ ಪಾಲು ಕಟ್ಟಿದರೂ ಪಕ್ಕದ ಫ್ಲ್ಯಾಟಿನ ಬಾಕಿ ನಿಮ್ಮ ಖಾತೆಯನ್ನು ತಡೆಯುತ್ತದೆ. ಊರಂಚಿನ ಬಡಾವಣೆ ಪಂಚಾಯಿತಿಯಿಂದ ನಗರದ ವ್ಯಾಪ್ತಿಗೆ ಸೇರಿದ್ದರೆ, ಸೇರುವ ಮುಂಚಿನ ವರ್ಷಗಳ ರಸೀದಿಯನ್ನೂ ಕೇಳಿ ಪಡೆಯಿರಿ.

ಕರೆಂಟ್, ನೀರು

ಬೀಗ ಕೈಗೆ ಬರುವ ದಿನ ಮೆಸ್ಕಾಂ ಮೀಟರಿನ ರೀಡಿಂಗನ್ನೂ ನೀರಿನ ಮೀಟರಿನದನ್ನೂ ಇಬ್ಬರೂ ನಿಂತು ಫೋಟೊ ತೆಗೆದುಕೊಳ್ಳಿ, ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಫೋಟೊದಲ್ಲಿ ಕಾಣುವಂತೆ. ಅಲ್ಲಿಯವರೆಗಿನ ಯೂನಿಟ್ ಮಾರುವವರದು. ಹಳೆಯ ಮಾಲೀಕರ ವಿದ್ಯುತ್ ಬಾಕಿ ಕಟ್ಟದೆ ಹೊಸಬರಿಗೆ ಸಂಪರ್ಕ ಕೊಡುವುದಿಲ್ಲ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿದಿದೆ, ಆದ್ದರಿಂದ ಇದನ್ನೂ ಹಗುರವಾಗಿ ತಗೊಳ್ಳಬೇಡಿ. ಮೀಟರಿನ ಠೇವಣಿ ನಿಮ್ಮ ಹೆಸರಿಗೆ ವರ್ಗವಾಗುವುದಾದರೆ ಆ ಮೊತ್ತವನ್ನು ಮಾರುವವರಿಗೆ ಕೊಡಬೇಕಾದ್ದು ನಿಮ್ಮ ಧರ್ಮ. ಬಹಳ ಮಂದಿ ಮರೆಯುವುದು ಇದನ್ನೇ. ಗೃಹಜ್ಯೋತಿಯಲ್ಲಿ ಹಳೆಯ ಮಾಲೀಕರ ಅಥವಾ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಅವರೇ ಅದನ್ನು ಬಿಡಿಸಿಕೊಡಬೇಕು.

ಕ್ರಯದ ಮರುದಿನ

ಆಸ್ತಿ ಕೈ ಬದಲಾದ ವಿಷಯವನ್ನು ಕೊಟ್ಟವರು, ಕೊಂಡವರು ಇಬ್ಬರೂ ಮೂರು ತಿಂಗಳೊಳಗೆ ಪಾಲಿಕೆಗೆ ತಿಳಿಸಬೇಕೆಂದು ಪಾಲಿಕೆಗಳ ಕಾಯ್ದೆ ಹೇಳುತ್ತದೆ. ತಿಳಿಸದಿದ್ದರೆ ಖಾತೆಯಲ್ಲಿ ಹೆಸರು ಬದಲಾಗುವವರೆಗೆ ಮಾರಿದವರ ತೆರಿಗೆ ಹೊಣೆ ಮುಗಿಯುವುದಿಲ್ಲ. ಖಾತೆ ಬದಲಾವಣೆ ಕೊಂಡವರ ಕೆಲಸ ಎಂದು ಮಾರಿದವರು ಸುಮ್ಮನಿರುವುದು ಇದೇ ಕಾರಣಕ್ಕೆ ತಪ್ಪು. ಕ್ರಯಪತ್ರದ ನಕಲಿನ ಜೊತೆ ಒಂದು ಪುಟದ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮನೆ ಬಾಡಿಗೆಗೆ ಕೊಟ್ಟಿದ್ದರೆ ತಾವು ಕಟ್ಟಿದ ತೆರಿಗೆಯ ರಸೀದಿಯ ಪ್ರತಿಯನ್ನೂ ಇಟ್ಟುಕೊಳ್ಳಿ, ಬಾಡಿಗೆ ಆದಾಯದ ಲೆಕ್ಕದಲ್ಲಿ ಕಳೆಯಲು ಬೇಕಾಗುತ್ತದೆ.

ಕೊಂಡವರು ಮೂಲ ರಸೀದಿಗಳು, ಬೇಬಾಕಿ ಪತ್ರ, ದಿನದ ಲೆಕ್ಕ ಬರೆದು ಇಬ್ಬರೂ ಸಹಿ ಹಾಕಿದ ಹಾಳೆ, ಹಣ ಕಳಿಸಿದ ದಾಖಲೆ ಇಷ್ಟನ್ನೂ ಕ್ರಯಪತ್ರದ ಜೊತೆಗೇ ಇಟ್ಟುಕೊಳ್ಳಿ. ಮುಂದಿನ ಏಪ್ರಿಲ್‌ನಲ್ಲಿ ನಿಮ್ಮ ಹೆಸರಿನ ಮೊದಲ ಚಲನ್ ತೆಗೆಸಿದಾಗ ‘ಹಿಂದಿನ ಬಾಕಿ’ ಎಂಬ ಸಾಲಿನಲ್ಲಿ ಸೊನ್ನೆ ಇದೆಯೇ ಎಂದು ಕಟ್ಟುವ ಮೊದಲು ನೋಡಿ. ಸೊನ್ನೆ ಇಲ್ಲದಿದ್ದರೆ ಆ ಹಾಳೆಗಳನ್ನು ಹಿಡಿದು ಕಂದಾಯ ವಿಭಾಗಕ್ಕೆ ಹೋಗುವುದು ಅಂದೇ.